ಅರವತ್ತೊಂದಕ್ಕೆ ನಿಂತ ಸ್ಕ್ಯಾನ್

ಫೆಬ್ರುವರಿ 8, ಶನಿವಾರ. ಬೆಳಿಗ್ಗೆ 7.20

ಮತ್ತೆ ನಿಂತಿತು. 61 ಪರ್ಸೆಂಟ್. ಚಹಾ ಇಟ್ಟು ಬಂದು ನೋಡಿದರೆ ಕೆಂಪು ಅಕ್ಷರ—ಅಪ್‌ಲೋಡ್ ಫೇಲ್ಡ್. ನಿನ್ನೆ ಸಂಜೆಯಿಂದ ಐದನೇ ಸಲ.

ಅವ್ವನ ಗಂಟಲಿನ ಸ್ಕ್ಯಾನ್. ಸಿಡಿಯಲ್ಲಿ ಕೊಟ್ಟಿದ್ದಾರೆ, 840 ಎಂಬಿ. ಕ್ಯಾನ್ಸರ್. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕಂತೆ. 17ಕ್ಕೆ, ಸೋಮವಾರ, ಕಲಬುರ್ಗಿಯಲ್ಲಿ ಆಪರೇಷನ್. ಹೈದರಾಬಾದಿನ ಡಾಕ್ಟರು ಬೇರೆ ದಾರಿ ಇದೆಯೇ ನೋಡೋಣ ಎಂದಿದ್ದಾರೆ. ಆದರೆ ವಾಟ್ಸಾಪ್ ಫೋಟೊ ನಡೆಯುವುದಿಲ್ಲ. ಅಸಲು ಫೈಲುಗಳೇ ಅವರ ಲಿಂಕಿಗೆ ಬುಧವಾರದೊಳಗೆ ಸೇರಬೇಕು. ಗುರುವಾರ ಅವರೆಲ್ಲ ಕೂತು ನೋಡುತ್ತಾರೆ.

ಅವ್ವ ಹೊರಗೆ ಕಟ್ಟೆಯ ಮೇಲೆ. ಕೆಂಭಾವಿಯ ಮೌನಮ್ಮ ಚಿಗವ್ವನ ಜೊತೆ ವಾಟ್ಸಾಪ್ ಕಾಲ್. ಒಂದು ವಾರದಿಂದ ಹೀಗೇ—ಗೊತ್ತಿದ್ದವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಹಚ್ಚಿ ಮಾತಾಡುತ್ತಿದ್ದಾಳೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳನ್ನು ಕೂಗಿ ಕರೆದ ದನಿ. ಈಗ ಅರ್ಧ ಬರೀ ಗಾಳಿ.

ಫೆಬ್ರುವರಿ 10, ಸೋಮವಾರ. ಮಧ್ಯಾಹ್ನ 1.40

ಭೀಮರಾಯನಗುಡಿ, ಆಫೀಸು. ಊಟ ಸೇರಲಿಲ್ಲ. ಇಲ್ಲಿಂದಲೇ ಕಳಿಸೋಣವೆಂದರೆ ಪೆನ್‌ಡ್ರೈವ್ ಬ್ಲಾಕ್ ಮಾಡಿದ್ದಾರೆ.

ನಿನ್ನೆ ಇಡೀ ದಿನ ಅದೇ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಬ್ರೌಸರ್ ಬದಲಿಸಿದೆ. ವೈಫೈ ಬಿಟ್ಟು ವೈರ್ ಹಾಕಿದೆ. ಫೈಲನ್ನು ಹತ್ತು ತುಂಡು ಮಾಡಿದೆ—ಎರಡು ಹೋದವು, ಮೂರನೆಯದು ಅರ್ಧಕ್ಕೇ ಸತ್ತಿತು. ಮೊಬೈಲ್ ನೆಟ್ ಮನೆಯಲ್ಲಿ ಒಂದೇ ಕಡ್ಡಿ. ಸ್ಪೀಡ್ ಟೆಸ್ಟ್: ಡೌನ್‌ಲೋಡ್ 48, ಅಪ್‌ಲೋಡ್ 0.3. ಕೇಬಲ್ ಆಫೀಸಿನ ಹುಡುಗಿ, ‘ಯೂಟ್ಯೂಬ್ ಓಡಾಕತ್ತದಲ್ರಿ ಮೇಡಂ? ಮತ್ತೇನ್ ಪ್ರಾಬ್ಲಮ್?’ ಎಂದಳು.

ಇವತ್ತು ಬೆಳಿಗ್ಗೆ ಆದದ್ದು... ಬರೆಯುತ್ತೇನೆ.

34ಕ್ಕೆ ಬಂದಿತ್ತು. ನಿಧಾನ, ಆದರೂ ಏರುತ್ತಿತ್ತು. ಅಷ್ಟರಲ್ಲಿ ಅವ್ವ ಮತ್ತೆ ಯಾರಿಗೋ ಹಚ್ಚಿದಳು. ನಾನು ಚೀರಿದೆ.

‘ಆ ಫೋನ್ ಇಡವ್ವಾ! ನಿನ್ನ ಮಾತೇ ನೆಟ್ ತಿನ್ನಾಕತ್ತದ!’

ನನ್ನ ಮುಖ ನೋಡಿದಳು. ಫೋನ್ ಆಫ್ ಮಾಡಿ ದಿಂಬಿನ ಕೆಳಗಿಟ್ಟಳು.

ಆಮೇಲೂ ಫೈಲ್ 35ಕ್ಕೆ ನಿಂತುಬಿಟ್ಟಿತು.

ಫೆಬ್ರುವರಿ 12, ಬುಧವಾರ. ಬೆಳಿಗ್ಗೆ 11.30

ರಜೆ ಹಾಕಿದೆ. ಎರಡು ದಿನದಿಂದ ಅವ್ವ ಬಾಯಿ ಬಿಟ್ಟಿಲ್ಲ. ರೊಟ್ಟಿ ಬೇಕಾದರೆ ಬೆರಳು, ಸಾಕಾದರೆ ಅಂಗೈ. ಕ್ಷಮೆ ಕೇಳಲು ಹತ್ತಿರ ಹೋದೆ, ಎದ್ದು ಪಾತ್ರೆ ತೊಳೆಯಲು ಹೋದಳು.

ಕೊನೆಗೂ ಲೈನ್‌ಮನ್ ನಸೀರುದ್ದೀನ್ ಬಂದರು. ರೂಟರ್ ಡಬ್ಬಿಗೆ ಬರುವ ಫೈಬರ್ ವೈರಿಗೆ ಮೀಟರ್ ಹಚ್ಚಿ ನೋಡಿದರು.

‘ಬರೋ ಲೈಟ್ ಬರಾಬರ್ ಅದರಿ. ನಿಮ್ಮ ಡಬ್ಬೀನೇ ಕಮ್ಜೋರ್ ಆಗ್ಯಾದ. ಇಲ್ಲಿಂದ ಕಳಸಾಕ ತಾಕತ್ತಿಲ್ಲ ಅದಕ್ಕ.’

‘ವಾಟ್ಸಾಪ್ ಕಾಲ್ ಮಾಡಿದ್ದಕ್ಕ ಹಿಂಗಾತೇನ್ರಿ?’

‘ಅದೆಷ್ಟ್ ತಿಂತದ್ರಿ? ಅದರ ಕಸೂರ್ ಏನೂ ಇಲ್ಲ.’

ಅವ್ವ ಬಾಗಿಲಲ್ಲೇ ನಿಂತಿದ್ದಳು. ನನಗೆ ತಲೆ ಎತ್ತಲಾಗಲಿಲ್ಲ.

ಹೊಸ ಡಬ್ಬಿ ಯಾದಗಿರಿಯಲ್ಲಿದೆ, ನಾಳೆ ತರುತ್ತೇನೆ ಎಂದರು. ನಾಳೆ ಆಗುವುದಿಲ್ಲ ಎಂದೆ. ಯಾಕೆಂದು ಹೇಳಿದೆ, ಪೂರ್ತಿ. ಗಾಡಿಯ ಕೀಲಿ ತೆಗೆದುಕೊಂಡು, ‘ನಾಕರೊಳಗ ಬರ್ತೀನ್ರಿ’ ಎಂದು ಹೋದರು.

ಅದೇ ದಿನ, ಸಂಜೆ 5.10

ಬಂದಿಲ್ಲ. ಫೋನ್ ಸ್ವಿಚ್ ಆಫ್. ಐದು ಸಲ ಗೇಟಿಗೆ ಹೋಗಿ ಬಂದೆ.

7.05

ಆರಕ್ಕೆ ಬಂದರು. ದಾರಿಯಲ್ಲಿ ಗಾಡಿ ಪಂಕ್ಚರ್ ಆಗಿತ್ತಂತೆ. ಡಬ್ಬಿ ಬದಲಿಸಿದರು. ಅಪ್‌ಲೋಡ್ ಸ್ಪೀಡ್ 41. ಇಡೀ ಸ್ಕ್ಯಾನ್ ನಾಲ್ಕೇ ನಿಮಿಷದಲ್ಲಿ ಹೋಯಿತು. ‘ಸಿಕ್ಕಿದೆ’ ಎಂದು ಹೈದರಾಬಾದಿನಿಂದ ಮೆಸೇಜೂ ಬಂತು. ನಸೀರುದ್ದೀನ್ ಚಹಾ ಕುಡಿದು ಹೊರಟ ಮೇಲೆ ಅವ್ವನ ಪಕ್ಕ ಕೂತೆ.

‘ತಪ್ಪಾತವ್ವ. ನಿನ್ನ ಮಾತಿಂದಲ್ಲ. ಡಬ್ಬಿ ಕೆಟ್ಟಿತ್ತು.’

‘ಕೇಳೀನಿ,’ ಎಂದಳು. ಎರಡು ದಿನದ ಮೇಲೆ ಮೊದಲ ಮಾತು. ‘ನಿನ್ನ ಮ್ಯಾಲ ಸಿಟ್ಟಿಲ್ಲ, ಮಲ್ಲಿ. ಸೋಮವಾರ ಆದಮ್ಯಾಲ ಮಾತಿಲ್ದ ಹೆಂಗಿರ್ತದ ಅಂತ ನೋಡಾಕತ್ತಿದ್ನಿ. ಎರಡು ದಿನಾನೂ ತಡಕೊಳ್ಳಾಕ ನನ್ನ ಕೈಲಿ ಆಗ್ಲಿಲ್ಲವ್ವ.’

ಒಲೆ ನೆನಪಾಗಿ ಎದ್ದು ಹೋಗುವಷ್ಟರಲ್ಲಿ ಅನ್ನ ತಳ ಹತ್ತಿತ್ತು.

ಫೆಬ್ರುವರಿ 13, ಗುರುವಾರ. ಮಧ್ಯಾಹ್ನ 12.50

ಡಾಕ್ಟರ ಫೋನ್ ಬಂತು. ಸ್ಪೀಕರ್ ಹಾಕಿದೆ. ಮೊದಲು ರೇಡಿಯೇಷನ್ ಕೊಟ್ಟು ನೋಡಬಹುದಂತೆ, ಏಳು ವಾರ. ದನಿ ಉಳಿಯಬಹುದು. ಗ್ಯಾರಂಟಿ ಇಲ್ಲ. ಫಲಿಸದಿದ್ದರೆ ಅದೇ ಆಪರೇಷನ್. ಯೋಚಿಸಿ ತಿಳಿಸಿ ಎಂದರು.

ಸೋಮವಾರದ ಬೆಡ್ ಬೇಡ ಎನ್ನಲು ಕಲಬುರ್ಗಿಗೆ ಹಚ್ಚಿದೆ, ಕಟ್ ಮಾಡಿದೆ. ಮತ್ತೆ ಹಚ್ಚಿದೆ, ಮತ್ತೆ ಕಟ್. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ...? ಈ ತೀರ್ಮಾನ ಯಾರದು ಎಂದು ಕೇಳಿದರೆ ಏನು ಹೇಳಲಿ?

‘ಕೊಡಿಲ್ಲಿ,’ ಎಂದಳು ಅವ್ವ. ‘ಗಂಟಲಾ ನಂದು.’

ಈಗ ಪಡಸಾಲೆಯಲ್ಲಿ ನಿಂತು ಮಾತಾಡುತ್ತಿದ್ದಾಳೆ. ದನಿ ಒಡೆದಿದೆ. ಆ ಕಡೆಯವರಿಗೆ ಕೇಳಿಸುತ್ತಿಲ್ಲವೇನೋ, ಗಟ್ಟಿಯಾಗಿ ಹೇಳುತ್ತಿದ್ದಾಳೆ—

‘ಹಲೋ... ನಾನ್ರಿ, ಬಾಲಮ್ಮ, ಶಹಾಪುರದಾಕಿ. ಹೌದ್ರಿ, ಪೇಷಂಟೇ ಮಾತಾಡಾಕತ್ತೀನಿ. ಸೋಮವಾರ ನಾ ಬರಂಗಿಲ್ರಿ. ಇಲ್ರಿ, ಹೆದರಿಕಿ ಅಲ್ರಿ, ನಾನು...’