ಅಕ್ಕನ ಹದಿನಾಲ್ಕನೆಯ ದಿನ

ಮಾರ್ಚ್ ೯, ರಾತ್ರಿ

ಅಕ್ಕನ ಮುಟ್ಟಿನ ಲೆಕ್ಕವನ್ನು ಎದೆಯ ಮೇಲೆ ಹೊತ್ತು ಮೊಳೆಗೆ ನೇತುಬಿದ್ದಿರುವ ಶ್ರೀಮನ್ಮಹಾ ಕ್ಯಾಲೆಂಡರ್ ಪ್ರಭುಗಳ ಸನ್ನಿಧಿಯಲ್ಲಿ ಆಸ್ಥಾನ ಪಂಡಿತೆಯಾದ ನನ್ನ ಅರಿಕೆ.

ಇವತ್ತು ಅಕ್ಕ ನಿಮ್ಮ ಮೇಲೆ ಮತ್ತೊಂದು ಕೆಂಪು ಚುಕ್ಕೆ ಇಟ್ಟಳು. ಈ ಸಲವೂ ಬಸುರಿಲ್ಲ.

“ಲೇ ಪಂಡಿತೆ, ಈ ತಿಂಗಳು ಯಾವತ್ತು? ನಿನ್ನ ಭಾವ ರಜಾ ಕೇಳ್ಬೇಕಂತೆ.”

ಭಾವ ದೂರದ ಗಣಿಯಿಂದ ತಿಂಗಳಿಗೆ ಮೂರೇ ದಿನ ಬರುತ್ತಾನೆ. ಆ ದಿನಗಳನ್ನು ಗೊತ್ತುಮಾಡುವುದು ಒಂದು ವರ್ಷದಿಂದ ನನ್ನ ಪದವಿ. ಗಂಟಲು ಸರಿಮಾಡಿಕೊಂಡು, ಚುಕ್ಕೆಯ ದಿನವೂ ಸೇರಿ ಹದಿನಾಲ್ಕು ಎಣಿಸಿ, “ಇಪ್ಪತ್ತೆರಡು!” ಎಂದು ಘೋಷಿಸಿದೆ.

ಅಕ್ಕ ನಗಲಿಲ್ಲ. “ನನ್ನಲ್ಲೇ ಏನೋ ಕೆಟ್ಟಿದೆ ಕಣೇ. ಮುಂದಿನ ಬುಧವಾರ ಪ್ರಜ್ಞೆ ತಪ್ಸಿ, ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡ್ತಾರಂತೆ.” ಅವಳು ರುಜು ಹಾಕಿದ ಆಸ್ಪತ್ರೆಯ ಕಾಗದ ಮಡಿಸಿದ ಬಟ್ಟೆಗಳ ಮೇಲಿತ್ತು. ಅದರ ಕೊನೆಯ ಸಾಲು ಓದಿದೆ: ಏನೇ ಅನಾಹುತವಾದರೂ ನಾವು ಹೊಣೆಯಲ್ಲ.

ನಿಜಕ್ಕೂ ಆ ಹದಿನಾಲ್ಕನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ಅಕ್ಕನಿಗೆ ಮುಟ್ಟು ಮೂವತ್ತೈದು ದಿನಕ್ಕೊಮ್ಮೆ. ಅಂದರೆ ಅಂಡ ಬಿಡುಗಡೆಯಾಗುವುದು ಮೂವತ್ತರ ಆಸುಪಾಸಿನಲ್ಲಿ. ಅಷ್ಟೊತ್ತಿಗೆ ಭಾವ ಗಣಿಗೆ ಮರಳಿ ವಾರವಾಗಿರುತ್ತದೆ. ಪ್ರತಿ ತಿಂಗಳೂ ಹೀಗೇ ಆಗಿದೆ. ಕೆಟ್ಟಿರುವುದು ಅಕ್ಕನ ಹೊಟ್ಟೆಯಲ್ಲ, ನನ್ನ ಎಣಿಕೆ ಇರಬಹುದು.

ಪಕ್ಕದಲ್ಲಿ ಅಕ್ಕ ಮಲಗಿದ್ದಾಳೆ. ಕೈ ಹೊಟ್ಟೆಯ ಮೇಲಿದೆ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಎರಡು ಸಲ ನೋಡಿದೆ.

ಕೊನೆಗೊಂದು ಚಿಕ್ಕ ಮಾತು, ಪ್ರಭೂ. ಇದು ನನಗೆ ಇವತ್ತು ಗೊತ್ತಾದದ್ದಲ್ಲ. ನರ್ಸ್ ಗೆಳತಿ ತಿದ್ದಿ ಹೇಳಿ ಮೂರು ತಿಂಗಳಾಯಿತು. ಅಕ್ಕ ಇನ್ನು ಪಂಡಿತೆ ಎಂದು ಕರೆಯುವುದಿಲ್ಲವಲ್ಲ ಎಂದು ಹೆದರಿ ನಾನು ಮುಚ್ಚಿಟ್ಟೆ.