ವ್ಯಾಯಾಮ ಶಿಕ್ಷಕರೇ, ಫಕೀರಪ್ಪನವರನ್ನು ಓಡಿಸಬೇಡಿ

ಮಾನ್ಯ ವ್ಯಾಯಾಮ ಶಿಕ್ಷಕರೇ,

ನಿಮ್ಮ ತರಗತಿಯಲ್ಲಿ ಒಬ್ಬ ಮನುಷ್ಯ ಸಾಯುವ ಹಾಗಿದ್ದಾನೆ. ಅದನ್ನು ಗೌರವದಿಂದ ನಿಮಗೆ ತಿಳಿಸಲು ಎರಡು ಸಲ ಯತ್ನಿಸಿ ಸೋತು, ಮೂರನೆಯ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಮತ್ತಿಕೆರೆಯ ಮೈದಾನದಲ್ಲಿ ನಮ್ಮ ಕಾರ್ಖಾನೆಯ ನಲವತ್ತು ಮಂದಿಗೆ ನೀವು ಮುಂಜಾನೆ ಕಸರತ್ತು ಕಲಿಸುತ್ತೀರಿ. ಒಳ್ಳೆಯ ಕೆಲಸ, ನನ್ನ ಬೆನ್ನುನೋವು ಹೋದದ್ದು ನಿಮ್ಮಿಂದಲೇ. ಪ್ರತಿ ಇಪ್ಪತ್ತು ಬಸ್ಕಿಗೊಮ್ಮೆ ನೀವು "ತೊಂದರೆ?" ಎಂದು ಕೂಗುತ್ತೀರಿ. ನಾವು "ಇಲ್ಲ ಸಾರ್!" ಎನ್ನುತ್ತೇವೆ. ದನಿ ಸಣ್ಣದಾದರೆ ಮತ್ತೆ ಇಪ್ಪತ್ತು. ಇದು ವಿಚಾರಣೆಯೋ, ಕಸರತ್ತಿನದೇ ಇನ್ನೊಂದು ಭಾಗವೋ? ನಮ್ಮೂರಿನಲ್ಲಿ ನೊಗ ಹೂಡುವ ಮುನ್ನ ಎತ್ತಿನ ಹೆಗಲು ಸವರಿ ನೋಡುತ್ತಿದ್ದರು. "ನೋವಿದೆಯೇನಪ್ಪ?" ಎಂದು ಎತ್ತನ್ನೇ ಕೇಳಿ ಹೂಡಿದವರನ್ನು ನಾನು ಕಂಡಿಲ್ಲ.

ಕಳೆದ ವಾರ ನನ್ನ ಪಕ್ಕದಲ್ಲಿದ್ದ ಫಕೀರಪ್ಪ, ಗದಗಿನ ಕಡೆಯವರು, ಐವತ್ತೆರಡು ವಯಸ್ಸು, ಎದೆ ಹಿಡಿದು ಕುಸಿದರು. ತುಟಿ ಕಪ್ಪಿಟ್ಟಿತ್ತು. ಆಗಲೇ ನಿಮ್ಮ ಪ್ರಶ್ನೆ ಬಂತು. ಮಣ್ಣಿನಲ್ಲಿ ಕೂತೇ ಅವರು "ಇಲ್ಲ ಸಾರ್" ಎಂದರು. ನೀವು ಮೆಚ್ಚಿ, ಬರುವ ಭಾನುವಾರ ಹೆಬ್ಬಾಳ ಕೆರೆಯ ಏರಿಯ ಮೇಲಿನ ಓಟದಲ್ಲಿ ಬಾವುಟ ಹಿಡಿದು ಮುಂದೆ ಓಡುವ ಗೌರವವನ್ನು ಅವರಿಗೇ ಕೊಟ್ಟಿರಿ!

ಆಸ್ಪತ್ರೆಗೆ ತೋರಿಸಿಕೊಂಡು ಬಂದ ಅವರಿಗೆ, "ಡಾಕ್ಟ್ರು ಓಡೋದು ಬ್ಯಾಡ ಅಂದವ್ರಲ್ಲಣ್ಣ, ಸಾರ್‌ಗೆ ಹೇಳ್ಬಿಡು" ಎಂದೆ.

"ಗುರುಗೋಳು ನಂಬಿ ಬಾವುಟಾ ಕೊಟ್ಟಾರ. ವಲ್ಲೆ ಅಂತ ಹೆಂಗ ಅನ್ಲೋ ತಮ್ಮಾ? ನೀ ಸುಮ್ನಿರು."

ಹೆಂಡತಿ ಸಂಗವ್ವನವರ ಅಳುವಿಗೂ ಇದೇ ಉತ್ತರ.

ನಾನೇ ನಿಮ್ಮ ಬಳಿಗೆ ಬಂದೆ. "ಏನ್ರೀ, ಬಾವುಟ ನಿಮಗೆ ಸಿಗ್ಲಿಲ್ಲ ಅಂತ ಹೊಟ್ಟೆಕಿಚ್ಚಾ?" ಎಂದು ನಕ್ಕಿರಿ. ಮರುದಿನ ಸಾಲಿನಿಂದಲೇ ಕೈ ಎತ್ತಿ ಹೇಳಿದೆ. ನೀವು ಎಲ್ಲರನ್ನೂ "ತೊಂದರೆ?" ಎಂದು ಕೇಳಿದಿರಿ. ಮೂವತ್ತೊಂಬತ್ತು ಗಂಟಲು "ಇಲ್ಲ ಸಾರ್" ಎಂದವು. ಎಲ್ಲಕ್ಕಿಂತ ದೊಡ್ಡದು ಫಕೀರಪ್ಪನವರದು.

ನಿನ್ನೆ ಅವರ ಮನೆಯ ಮುಂದೆ ಹಾದುಹೋದೆ. ಓಟಕ್ಕೆಂದು ಬಿಳಿ ಬನಿಯನ್, ಬಿಳಿ ಚಡ್ಡಿಗಳಿಗೆ ಸಂಗವ್ವನವರು ನೀಲಿ ಹಾಕಿ ತಂತಿಯ ಮೇಲೆ ಒಣಗಿಸಿದ್ದರು.

ನೀವು ಕ್ಷಮೆ ಕೇಳುವುದು ಬೇಡ, ಓಟ ನಿಲ್ಲಿಸುವುದೂ ಬೇಡ. ಶನಿವಾರದೊಳಗೆ ಆ ಮನೆಗೆ ಹೋಗಿ, ಓಡಕೂಡದೆಂದು ನಿಮ್ಮ ಬಾಯಿಂದಲೇ ಅಪ್ಪಣೆ ಕೊಡಿ. ವೈದ್ಯರ ಮಾತು ಮೀರಿದವರು ನಿಮ್ಮ ಮಾತು ಮೀರಲಾರರು. ನನಗೆ ಭಯವಿರುವುದೂ ಅದಕ್ಕೇ.

ಇಂತಿ,
ಸೋಮವಾರವೂ ನಿಮ್ಮ ತರಗತಿಗೆ ಬರುವ ಆಸೆಯಿರುವ,
ಮುನಿವೆಂಕಟಯ್ಯ, ಮತ್ತಿಕೆರೆ