ಒಣನಾಲಿಗೆಯ ಮಂಗಳಕೂಗು

ಅಕ್ಟೋಬರ್ ೮, ಬುಧವಾರ, ನಾಬ್ಲಸ್

ಬಾಯಿ ಇವತ್ತೂ ಒಣ ಒಣ. ಸೊಂಟದ ನರನೋವಿಗೆ ಕೊಟ್ಟ ಮಾತ್ರೆ ನೋವಿನ ಜತೆಗೆ ಎಂಜಲನ್ನೂ ಹೀರಿಬಿಟ್ಟಿದೆ. ನೀರು ಗುಟುಕರಿಸುತ್ತಿರಿ ಎಂದರು ಡಾಕ್ಟರು. ಗುಟುಕರಿಸಿ ಗುಟುಕರಿಸಿ ಸಾಕಾಗಿದೆ.

ಅಕ್ಕನ ಮಗಳು ಹನೀನಳಿಗೆ ಗೋರಂಟಿ ಹಚ್ಚುವ ಹೊತ್ತಿಗೆ ಎಲ್ಲರೂ ನನ್ನತ್ತ ತಿರುಗಿದರು. ನಮ್ಮ ಮನೆತನದ ಮದುವೆಗಳಲ್ಲಿ ನಾಲಿಗೆ ಆಡಿಸಿ ಮೊದಲ ಮಂಗಳದ ಕೂಗು ಹಾಕುವವಳು ನಾನೇ. ಬಾಯಿ ತೆರೆದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು, ಬರೀ ಗಾಳಿ ಬಂತು.

"ಏನೇ, ನನ್ ಮಗಳ ಮದುವೆಗೆ ಒಂದ್ ಕೂಗಿಗೂ ಬರಗಾಲವಾ? ನಿಂಗ್ ಮದುವೆ ಆಗ್ಲಿಲ್ಲ ಅಂತ ಹೊಟ್ಟೆಕಿಚ್ಚಾ?" ಅಂದಳು ಅಕ್ಕ ರುದೈನಾ, ನಗುತ್ತಲೇ.

ಮಾತ್ರೆಯ ಕಥೆ ಹೇಳಲಿಲ್ಲ. ಅದನ್ನೇ ಮನಸ್ಸು ಕುಗ್ಗಿದವರಿಗೂ ಕೊಡುತ್ತಾರೆ. ಅಕ್ಕನಿಗೆ ಗೊತ್ತಾದರೆ ನಾಳೆಗೆ ನಾನು ಊರಿಗೆಲ್ಲ ಹುಚ್ಚಿ. ಮಾತ್ರೆ ಬಿಟ್ಟರೆ ಕೂಗು ಬರಬಹುದು, ಆದರೆ ಹಾಸಿಗೆಯಿಂದ ಏಳಲಾಗುವುದಿಲ್ಲ.

ಮನೆಗೆ ಬಂದು ನಿಂಬೆಹೋಳು ಚೀಪಿದೆ. ಬಾಯಲ್ಲಿ ಕೊಂಚ ನೀರೂರಿತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಕೂಗಿದೆ. ಬಂತು! ಅದೇ ಹಳೆಯ, ಉದ್ದನೆಯ ಕೂಗು.

ಕೆಳಮನೆಯ ಉಮ್ ಗಸ್ಸಾನ್ ಕಿಟಕಿಯಿಂದ ಕೂಗಿ ಕೇಳಿದರು: "ಏನಮ್ಮಾ ಶುಭ ಸುದ್ದಿ? ಯಾರ್ ಬಂದಿದಾರೆ ಮನೇಗೆ, ಹೆಣ್ಣು ಕೇಳೋಕಾ?"

ದೀಪ ಆರಿಸಿ, ಮನೆಯಲ್ಲಿ ಯಾರೂ ಇಲ್ಲವೆನ್ನುವಂತೆ ಸುಮ್ಮನೆ ನಿಂತೆ.